ಅಕ್ಕ ತಿದ್ದಿದ ಕಾದಂಬರಿ

ನನ್ನ ಕಾದಂಬರಿಗೆ ಈವರೆಗೆ ಬಂದ ಅತ್ಯಂತ ಖಾರವಾದ ವಿಮರ್ಶೆ ಯಾವ ಪತ್ರಿಕೆಯಲ್ಲೂ ಅಚ್ಚಾಗಿಲ್ಲ. ಅದು ಬಂದದ್ದು ಕುಂದಾಣದ ಒಂದು ಜಗಲಿಯ ಮೇಲೆ, ಅವರೆಕಾಯಿ ಸುಲಿಯುವ ಹೊತ್ತಿನಲ್ಲಿ. ವಿಮರ್ಶಕಿ ನನ್ನ ಅಕ್ಕ ಜಯಮ್ಮ. ಓದಿದ್ದು ಎಂಟನೇ ಕ್ಲಾಸು.

ಕಾದಂಬರಿ ಓದದವರಿಗಾಗಿ (ನೀವೇ ಹೆಚ್ಚು ಜನ ಅಂತ ನನಗೆ ಗೊತ್ತು) ಎರಡು ಮಾತು. ಒಂದು ರೈತ ಕುಟುಂಬ. ತಾಯಿ ಕಾಯಿಲೆ ಬಿದ್ದಾಗ ದೊಡ್ಡ ಮಗಳು ಗೌರಿ ಶಾಲೆ ಬಿಟ್ಟು, ಅಡುಗೆ, ಹಸು, ಹೊಲ, ತಮ್ಮಂದಿರು ಎಲ್ಲವನ್ನೂ ಹೆಗಲಿಗೆ ಹಾಕಿಕೊಳ್ಳುತ್ತಾಳೆ. ಗೌರಿ ಯಾರು ಅಂತ ನಾನು ಎಲ್ಲೂ ಹೇಳಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ನಮ್ಮೂರಿನ ಹಸುಗಳಿಗೂ ಗೊತ್ತು.

ಅಕ್ಕನಿಗೆ ಒಂದು ಪ್ರತಿ ಕೊಟ್ಟಿದ್ದೆ. ಶೋಕೇಸಿನಲ್ಲಿ ಇಡುತ್ತಾಳೆ ಅಂದುಕೊಂಡಿದ್ದೆ. ಕಳೆದ ಭಾನುವಾರ ದೊಡ್ಡಬಳ್ಳಾಪುರದಿಂದ ಹೋಗಿ ನೋಡಿದರೆ, ಪುಸ್ತಕದ ತುಂಬ ಪೆನ್ಸಿಲ್ ಗುರುತು.

“ಕೂತ್ಕೋ,” ಅಂದಳು. “ಆಷಾಢದಲ್ಲಿ ಗೌರಿ ರಾಗಿ ಕೊಯ್ತಾವ್ಳೆ ಅಂತ ಬರ್ದಿದ್ದೀಯ. ಆಷಾಢದಲ್ಲಿ ರಾಗಿ ಬಿತ್ತೋದು ಕಣೋ. ಯಾವೂರಲ್ಲಿ ಬೆಳೆದೆ ನೀನು?”

ಪ್ರಿಂಟಿಂಗ್ ಮಿಸ್ಟೇಕ್ ಅಂದೆ. (ಸುಳ್ಳು.)

“ತಮ್ಮ ದಿನಾ ಬೆಳಗ್ಗೆ ಎದ್ದು ಹಾಲು ಕರ್ದು ಸ್ಕೂಲಿಗೆ ಹೋಗ್ತಾನೆ ಅಂತ ಐತೆ. ಯಾವ ತಮ್ಮ ಇದು?”

“ಅದು ಕಲ್ಪನೆ ಅಕ್ಕಾ.”

“ಅದೇ ಅನ್ಕೊಂಡೆ.”

ಒಳಗಿನಿಂದ ಭಾವ ಕೆಮ್ಮಿದರು. ಅದು ಕೆಮ್ಮಲ್ಲ, ನಗು.

“ಇನ್ನ ಈ ಗೌರಿ ಹನ್ನೊಂದು ಸಲ ಅಳ್ತಾಳೆ. ಬಾವಿ ಹತ್ರ ಅಳ್ತಾಳೆ, ಒಲೆ ಮುಂದೆ ಅಳ್ತಾಳೆ. ಇಷ್ಟು ಅಳ್ತಾ ಕೂತ್ರೆ ಹಸುಗೆ ಹುಲ್ಲು ಹಾಕೋರು ಯಾರು?”

ಇಲ್ಲಿಯವರೆಗೆ ನನಗೂ ಮಜವಾಗಿತ್ತು. ಆಮೇಲೆ ಗೌರಿ ಶಾಲೆ ಬಿಡುವ ಪುಟ ತೆಗೆದಳು. ‘ಗೌರಿ ನಗುನಗುತ್ತಲೇ ಪುಸ್ತಕದ ಚೀಲವನ್ನು ಗೂಟಕ್ಕೆ ನೇತುಹಾಕಿದಳು’ ಎಂಬುದು ಅಲ್ಲಿನ ಕೊನೆಯ ಸಾಲು. ಎಷ್ಟೋ ಜನ ಅದನ್ನು ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿಕೊಂಡಿದ್ದರು. ಅದರ ಕೆಳಗೆ ಅಕ್ಕ ಎರಡು ಗೆರೆ ಎಳೆದಿದ್ದಳು.

“ನಗ್ತಾ ನೇತಾಕಿದ್ದನ್ನ ನೋಡಿದ್ಯಾ ನೀನು?”

ನೋಡಿರಲಿಲ್ಲ. ನಾನಾಗ ಐದನೇ ಕ್ಲಾಸು.

ಅವರೆಕಾಯಿ ಸುಲಿಯುವುದನ್ನು ನಿಲ್ಲಿಸದೆಯೇ ಹೇಳಿದಳು. ಇನ್ನು ಶಾಲೆ ಸಾಕು ಅಂತ ಅಪ್ಪ ಅಂದ ಮೇಲೂ, ಒಂದು ಬೆಳಗ್ಗೆ ಹುಲ್ಲಿಗೆ ಹೋಗುತ್ತೇನೆ ಅಂತ ಸುಳ್ಳು ಹೇಳಿ, ಕುಡುಗೋಲನ್ನು ಬೇಲಿಯಲ್ಲಿ ಬಚ್ಚಿಟ್ಟು ಶಾಲೆಗೆ ಹೋಗಿದ್ದಳಂತೆ. ಹಾಜರಿ ತೆಗೆದುಕೊಳ್ಳುವಾಗ ಮೇಷ್ಟ್ರು ಅವಳ ಹೆಸರು ಕೂಗಲಿಲ್ಲ. ಅಪ್ಪ ಹಿಂದಿನ ದಿನವೇ ಬಂದು ಹೇಳಿ ಹೋಗಿದ್ದರು. ಆದರೂ ಮಧ್ಯಾಹ್ನದವರೆಗೆ ಕೂತಿದ್ದಳು. ಆಮೇಲೆ ಹುಲ್ಲು ಕೊಯ್ದುಕೊಂಡು ಮನೆಗೆ ಬಂದಳು. ಯಾರಿಗೂ ಹೇಳಲಿಲ್ಲ. ಯಾರೂ ಕೇಳಲಿಲ್ಲ.

“ಹನ್ನೊಂದು ಕಡೆ ಸುಮ್‌ಸುಮ್ನೆ ಅಳಿಸಿದ್ದೀಯ,” ಅಂದಳು. “ಅಳಬೇಕಾದ ಕಡೆ ನಗಿಸ್ಬಿಟ್ಟಿದ್ದೀಯ.”

“ಹಂಗಾದ್ರೆ ನಮ್ಮನ್ನೆಲ್ಲ ಸಾಕಿದ್ದು ಬೇಜಾರಲ್ಲೇನಾ?” ಅಂದೆ.

“ಬೇಜಾರು ಏನಕ್ಕೆ? ನಿಮ್ಮನ್ನ ಸಾಕಿದ್ದು ನಂಗೆ ಇಷ್ಟಾನೇ. ಸ್ಕೂಲು ಬಿಟ್ಟಿದ್ದು ಇಷ್ಟ ಇರ್ಲಿಲ್ಲ. ಅವೆರಡೂ ಬೇರೆ ಬೇರೆ ಕಣೋ. ಬರೆಯೋನಿಗೆ ಅಷ್ಟೂ ಗೊತ್ತಾಗಲ್ವಾ?”

ಗೊತ್ತಾಗಿರಲಿಲ್ಲ. ಇನ್ನೂರು ಪುಟ ಬರೆದರೂ ಗೊತ್ತಾಗಿರಲಿಲ್ಲ.

ಎರಡನೇ ಮುದ್ರಣ ತಯಾರಾಗುತ್ತಿದೆ. ಸೋಮವಾರವೇ ಪ್ರಕಾಶಕರಿಗೆ ಫೋನ್ ಮಾಡಿ ಆ ಸಾಲು ತೆಗೆಯಬೇಕು ಅಂದೆ. “ಸಾರ್, ಓದುಗರಿಗೆ ಅದೇ ಸಾಲು ಇಷ್ಟ,” ಅಂದರು. ನನಗೂ ಇಷ್ಟವಾಗಿತ್ತು. ಅದನ್ನು ಬರೆದಾಗ ಅಕ್ಕನ ಋಣ ತೀರಿತು ಅಂತ ಒಳಗೊಳಗೇ ಹಗುರವೂ ಆಗಿದ್ದೆ. ಅದಕ್ಕೇ ಹಠ ಹಿಡಿದು ತೆಗೆಸಿದೆ. ಈಗ ಆ ಜಾಗದಲ್ಲಿ, ತನ್ನ ಹೆಸರು ಕೂಗದ ಕ್ಲಾಸಿನಲ್ಲಿ ಒಬ್ಬ ಹುಡುಗಿ ಮಧ್ಯಾಹ್ನದವರೆಗೆ ಕೂತಿದ್ದಾಳೆ.

ನಮ್ಮ ನಮ್ಮ ಮನೆಗಳಲ್ಲಿ ಯಾರನ್ನು ‘ತ್ಯಾಗಮಯಿ’ ಅಂತ ಹೊಗಳುತ್ತೇವೋ, ಅವರಿಗೆ ಅದು ಒಪ್ಪಿಗೆ ಇತ್ತಾ ಅಂತ ಒಂದು ಸಲವಾದರೂ ಕೇಳಿದ್ದೇವಾ?