ಆಂಜಿಯೋ ಎಂಬ ಅರ್ಧ ಮಾತು

ತೀರಿಕೊಳ್ಳುವ ಹಿಂದಿನ ದಿನ ನನ್ನ ಗಂಡ ಎರಡು ಕೊಡ ನೀರು ಹೊತ್ತರು. ನಾನೇ ಹೊರಿಸಿದೆ.

ನಮ್ಮದು ತಮಿಳುನಾಡಿನ ದಿಂಡುಕಲ್ಲಿನಲ್ಲಿ ಮಹಡಿ ಮೇಲಿನ ಬಾಡಿಗೆ ಮನೆ; ನಾವಿಬ್ಬರು, ಕಾಲೇಜಿಗೆ ಹೋಗುವ ಮಗಳು. ಬೀದಿ ತುದಿಯ ಟ್ಯಾಂಕಿನಲ್ಲಿ ಕುಡಿಯುವ ನೀರು ಬೆಳಿಗ್ಗೆ ಹೊತ್ತು ಮಾತ್ರ ಬಿಡುತ್ತಾರೆ. ಅವರು ಪ್ಲಾಸ್ಟಿಕ್ ಕೊಡ ಹೆಗಲಿಗೇರಿಸಿ ಬಂದರು. ಮೆಟ್ಟಿಲ ತಿರುವಿನಲ್ಲಿ ಇಳಿಸಿ ನಿಂತರು. ನಾನು ಮೇಲಿನಿಂದ ಬಗ್ಗಿ ನೋಡಿದೆ.

“ಏನುಂಗ, ಅಲ್ಲೇ ನಿಂತ್ಬುಟ್ರಿ? ಎಸರಿಗೆ ನೀರಿಲ್ಲ ಇಲ್ಲಿ.”

“ಸಿರುಮಲೆ ನೋಡ್ತೀನಿ ಪುಳ್ಳೆ.”

ಮದುವೆಯಾದಾಗಿನಿಂದ ನನ್ನನ್ನು ಪುಳ್ಳೆ, ಅಂದರೆ ಹುಡುಗಿ, ಎಂದೇ ಕರೆಯುತ್ತಿದ್ದರು. ನನ್ನ ಹೆಸರು ರಾಜಮ್ಮಾಳ್.

“ಅಲ್ಲೆಲ್ಲಿ ಸಿರುಮಲೆ? ಅದು ವೆಳ್ಳೈಯಮ್ಮಾಳ್ ಅತ್ತೆ ಮನೆ ಗೋಡೆ.”

“ಗೋಡೆಗ್ ಆಚ್ಕಡೆ ಮಲೆ ಇರದಾ? ನಿನ್ಗೆ ಗೋಡೆ ಮಾತ್ರ ಕಾಣ್ತದೆ, ನಾ ಏನ್ ಮಾಡ್ಲಿ.”

ಪಕ್ಕದ ಮನೆಯ ವೆಳ್ಳೈಯಮ್ಮಾಳ್ ಗೋಡೆಯ ಆಚೆ ಬಟ್ಟೆ ಒಣಗಿಸುತ್ತಿದ್ದರು. ಅವರೂ ನಮ್ಮ ಕಂಬಂ ಕಡೆಯವರೇ, ಮನೆಮಾತು ಕನ್ನಡವೇ. “ಯಾರ್‌ಲಾ ಅದು ನನ್ ಗೋಡೆ ನೋಡೋದು? ನೋಡಿದ್ದಕ್ಕೆ ಸುಣ್ಣ ಬಳಿದ್ಬುಟ್ಟು ಹೋಗು!” ಎಂದರು. ಮೂವರೂ ನಕ್ಕೆವು. ಇವರು ಕೊಡ ಎತ್ತಿಕೊಂಡು ಮೇಲೆ ಬಂದರು. ಮುಖದಲ್ಲಿ ಬೆವರಿತ್ತು. ಬಿಸಿಲು ಎಂದುಕೊಂಡೆ. ಇನ್ನೂ ಬಿಸಿಲು ಬಂದಿರಲಿಲ್ಲ.

ಅವರ ಹೆಸರು ಸುರುಳಿವೇಲು. ಕಂಬಂ ಕಡೆಯ ಗೂಡಲೂರಿನ ಹತ್ತಿರದ ದ್ರಾಕ್ಷಿ ತೋಟದ ಮನೆಯವರು. ಉತ್ತಮಪಾಳ್ಯದಲ್ಲಿ ಕಾಲೇಜು ಓದಿದರು. ಸ್ವಲ್ಪ ಕಾಲ ಔಷಧಿ ಅಂಗಡಿಯಲ್ಲಿ ನಿಂತರು. ಆಮೇಲೆ ದಿಂಡುಕಲ್ಲಿಗೆ ಬಂದು ಮೆಡಿಕಲ್ ಕೋಡಿಂಗ್ ಕಲಿತು ಇಲ್ಲೇ ಒಂದು ಆಫೀಸಿನಲ್ಲಿ ಕೆಲಸಕ್ಕೆ ಸೇರಿದರು. ನಾನು ಐದನೆಯ ತರಗತಿಗೆ ಶಾಲೆ ಬಿಟ್ಟವಳು. ಏನು ಕೆಲಸ ಎಂದು ಮದುವೆಯ ಹೊಸದರಲ್ಲಿ ಕೇಳಿದ್ದೆ. ಬೇಸರವಿಲ್ಲದೆ ಹೇಳಿದರು.

ಅಮೆರಿಕದಲ್ಲಿ ಡಾಕ್ಟರು ಒಬ್ಬನ ಕೈಯ ನರದೊಳಗೆ ಸಣ್ಣ ಕೊಳವೆ ತೂರಿಸುತ್ತಾನೆ. ಅದು ಹೃದಯದ ತನಕ ಹೋಗುತ್ತದೆ. ಅದರಲ್ಲಿ ಬಣ್ಣದ ಮದ್ದು ಬಿಟ್ಟು ಪಟ ತೆಗೆಯುತ್ತಾನೆ. ಮಾಡಿದ್ದನ್ನೆಲ್ಲ ಬರೆಯುತ್ತಾನೆ. ಅವನು ಬರೆದದ್ದು ಇವರ ಕಂಪ್ಯೂಟರಿಗೆ ಬರುತ್ತದೆ. ಇವರು ಓದಿ, ಮಾಡಿದ ಒಂದೊಂದಕ್ಕೂ ಒಂದೊಂದು ನಂಬರ್ ಹಾಕಬೇಕು. ಆ ನಂಬರ್ ನೋಡಿಯೇ ಅಲ್ಲಿಯ ಇನ್ಶೂರೆನ್ಸ್‌ನವರು ಬಿಲ್ಲು ಒಪ್ಪುತ್ತಾರೆ. ಬರೀ ಪಟಕ್ಕೆ ಒಂದು ನಂಬರ್. ಕಟ್ಟಿದ ನರ ತೆರೆದಿಡಲು ಸ್ಪ್ರಿಂಗ್, ಅಂದರೆ ಸ್ಟೆಂಟ್, ಇಟ್ಟರೆ ಬೇರೆ ನಂಬರ್. ಎರಡನ್ನೂ ಒಂದೇ ಸಲ ಮಾಡಿದ್ದರೆ ಸುಮ್ಮನೆ ಎರಡೂ ನಂಬರ್ ಹಾಕುವಂತಿಲ್ಲ. ಆ ಪಟ ನೋಡಿದ ಮೇಲೆಯೇ ಸ್ಪ್ರಿಂಗ್ ಬೇಕೆಂದು ತೀರ್ಮಾನ ಮಾಡಿದ್ದು ಎಂದು ಡಾಕ್ಟರು ಬರೆದಿರಬೇಕು. ಬರೆಯದೆ ಇದ್ದರೆ ಅದು ಮಾಡಿಲ್ಲ ಎಂದೇ ಲೆಕ್ಕ.

ಇದನ್ನು ಮನೆಗೂ ತಂದರು. “ಸಾರಿಗೆ ಉಪ್ಪು ಹಾಕ್ದಾ? ಬರ್ದಿದೀಯಾ?” ಎನ್ನುತ್ತಿದ್ದರು.

“ನಿಮ್ ನಾಲಿಗೆ ಮೇಲೆ ಬರೀತೀನಿ, ತಿನ್ನಿ.”

ಅವರಿಗೆ ಕೋಪ ಕಡಿಮೆ. ಒಂದೇ ಒಂದು ಮಾತಿಗೆ ಸಿಡುಕುತ್ತಿದ್ದರು. ಯಾರಾದರೂ “ಆಂಜಿಯೋ ಮಾಡಿಸಿದೆ” ಎಂದರೆ ಬಿಡುತ್ತಿರಲಿಲ್ಲ. ನಮ್ಮ ಕಡೆ ಎಲ್ಲರೂ ಹಾಗೇ ಹೇಳುವುದು. ಗೂಡಲೂರಿನಲ್ಲಿ ಒಂದು ಕಿವಿ ಚುಚ್ಚುವ ಊಟದಲ್ಲಿ ಅವರ ದೊಡ್ಡಪ್ಪ ಮುತ್ತಯ್ಯ ಎಲೆಯ ಮುಂದೆ ಕೂತು ಎದೆ ತಟ್ಟಿಕೊಂಡರು.

“ನಂಗೂ ಆಂಜಿಯೋ ಆಯ್ತಪ್ಪ. ಇನ್ನು ಎಮನೇ ಬಂದ್ರೂ ಭಯವಿಲ್ಲೆ.”

“ಯಾವ ಆಂಜಿಯೋ ದೊಡ್ಡಪ್ಪ? ಪಟ ಮಾತ್ರ ಹಿಡಿದ್ರಾ, ಸ್ಪ್ರಿಂಗ್ ಇಟ್ರಾ?”

“ಏನೋ ಒಂದು. ಆಂಜಿಯೋ ಅಂದ್ರೆ ಆಂಜಿಯೋ.”

“ಅಲ್ಲ ದೊಡ್ಡಪ್ಪ. ಆಂಜಿಯೋಗ್ರಾಮ್ ಅಂದ್ರೆ ಪಟ. ನರ ಎಲ್ಲಿ ಕಟ್ಟೈತೆ, ಅಡೈಪ್ಪು ಎಲ್ಲೈತೆ ಅಂತ ನೋಡೋದು, ಅಷ್ಟೇ. ಆಂಜಿಯೋಪ್ಲಾಸ್ಟಿ ಅಂದ್ರೆ ಅಡೈಪ್ಪು ಬಿಡ್ಸೋದು. ಎಲೇಲಿರೋ ಅನ್ನಕ್ಕೆ ಪಟ ಹಿಡಿದ್ರೆ ಹೊಟ್ಟೆ ತುಂಬ್ತದಾ?”

“ಇವ್ನು ಪಂತೀಲಿ ಕುಂತ್ರೂ ಆಫೀಸೇ ಕಣಮ್ಮಾ,” ಎಂದು ಮುತ್ತಯ್ಯ ನನ್ನ ಕಡೆ ತಿರುಗಿದರು. ಸಾಲಿನವರೆಲ್ಲ ನಕ್ಕರು.

ಇವರು ನಗಲಿಲ್ಲ. ಮುತ್ತಯ್ಯನನ್ನು ತೇನಿಯ ಆಸ್ಪತ್ರೆಗೆ ಕರೆದುಕೊಂಡು ಹೋಗಿ ವಿಚಾರಿಸಿದರು. ಆಗಿದ್ದದ್ದು ಪಟ ಮಾತ್ರ. ಆಮೇಲೆ ಸ್ಪ್ರಿಂಗ್ ಇಟ್ಟರು. ಮುತ್ತಯ್ಯ ಈಗಲೂ ಇದ್ದಾರೆ. ಇವರ ಹೆಣದ ಕಾಲು ಹಿಡಿದು ಅತ್ತವರು ಅವರೇ.

ಕೆಲವು ಕಾಲದ ಮೇಲೆ ಇವರಿಗೂ ಮೆಟ್ಟಿಲು ಹತ್ತುವಾಗ ಎದೆ ಹಿಡಿಯತೊಡಗಿತು. ನಾನು ಕೊಡ ಕಿತ್ತುಕೊಂಡೆ. ಆಸ್ಪತ್ರೆಗೆ ಹೋಗಿ ಎಂದು ದಿನಾ ಹೇಳಿದೆ. ಅಷ್ಟರಲ್ಲಿ ಊರಿನಲ್ಲಿ ನನ್ನ ಅವ್ವನಿಗೆ ಕಣ್ಣಿನ ಆಪರೇಷನ್ ಆಯಿತು. ನಾನು ಹೋದೆ. ಅಲ್ಲಿರುವಾಗ ಫೋನ್ ಬಂತು.

“ಆಂಜಿಯೋ ಆಯ್ತು ಪುಳ್ಳೆ. ಮನೇಲಿದೀನಿ.”

“ಒಬ್ರೇ ಹೋದ್ರಾ? ನಾ ಬರೋಗಂಟ ತಡೀಬಾರ್ದಾ?”

“ಆಫೀಸಿಂದ ಪಾಂಡೀಶ್ವರಿ ಬಂದಿತ್ತು. ನೀ ನಿಧಾನಕ್ ಬಾ. ಅವ್ವನ್ ಕಣ್ಣಿಗೆ ಮದ್ದು ಬಿಡು.”

ನಾನು ಹಿಂತಿರುಗಿ ಬಂದಾಗ ಅವರ ಮಣಿಕಟ್ಟಿನ ಮೇಲೆ ಒಂದು ಪಟ್ಟಿ ಇತ್ತು.

“ಇಷ್ಟೇನಾ?”

“ಇಷ್ಟೇ.”

ನಾನು ಮಾರಿಯಮ್ಮನಿಗೆ ತೆಂಗಿನಕಾಯಿ ಒಡೆದೆ. ತೈ ತಿಂಗಳ ತೈಪೂಸದ ಹಬ್ಬಕ್ಕೆ ಇಬ್ಬರೂ ಪಳನಿಗೆ ನಡೆದು ಹೋಗೋಣ ಎಂದೆ. “ಈ ವರ್ಷ ಬೇಡ, ಆಫೀಸಲ್ಲಿ ಕೆಲಸ ಜಾಸ್ತಿ” ಎಂದರು. ಮೈಗಳ್ಳ ಎಂದು ಬೈದೆ. ಕೊಡ ಅವರ ಕೈಗೆ ವಾಪಸ್ಸು ಕೊಟ್ಟೆ. “ಹೊಸ ಎಂಜಿನ್ ಹಾಕೊಂಡ್ ಬಂದಿದೀರಲ್ಲ, ಹೊರಿ” ಎಂದೆ. ಅವರು ಹೊತ್ತರು.

ಊರಿನವರೆಲ್ಲರನ್ನೂ ಯಾವ ಆಂಜಿಯೋ ಎಂದು ಕೇಳಿದವರು ಅವರು. ಅವರನ್ನು ಯಾರೂ ಕೇಳಲಿಲ್ಲ. ಅವರ ಬಾಯಿಂದ ಬಂದ ಮೇಲೆ ಅದು ಸರಿಯಾಗಿಯೇ ಇರುತ್ತದೆ ಎಂದು ನಾನು ನಂಬಿದ್ದೆ.

ನೀರು ಹೊತ್ತ ಮರುದಿನ ಆಫೀಸಿಗೆ ಹೊರಟವರು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳಲು ಕೂತರು. ಏಳಲಿಲ್ಲ. ವೆಳ್ಳೈಯಮ್ಮಾಳ್ ಓಡಿ ಹೋಗಿ ಆಟೋ ತಂದರು. ಆಸ್ಪತ್ರೆಯಲ್ಲಿ ಇವರನ್ನು ಸ್ಟ್ರೆಚರಿನಲ್ಲಿ ಒಳಗೆ ತಳ್ಳಿಕೊಂಡು ಹೋದರು. ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಹೊರಗೆ ಬಂದು, ಮೊದಲು ಏನಾದರೂ ಮಾಡಿಸಿದ್ದಾರಾ ಎಂದು ತಮಿಳಿನಲ್ಲಿ ಕೇಳಿದರು.

“ಆಂಜಿಯೋ ಆಗೈತೆ ಸಾರ್.”

“ಯಾವುದು? ಗ್ರಾಮಾ, ಪ್ಲಾಸ್ಟಿಯಾ?”

ಅಲ್ಲಿ ಕೂತಿದ್ದ ಹೆಂಗಸರಲ್ಲಿ ಬೇರೆ ಯಾರಿಗೂ ಆ ಎರಡರ ವ್ಯತ್ಯಾಸ ಗೊತ್ತಿದ್ದಿರಲಾರದು. ನನಗೆ ಗೊತ್ತಿತ್ತು. ನನ್ನ ಗಂಡನಿಗೆ ಯಾವುದಾಯಿತು ಎಂಬುದು ಮಾತ್ರ ಗೊತ್ತಿರಲಿಲ್ಲ.

“ಸ್ಪ್ರಿಂಗ್ ಇಟ್ಟಿದ್ದಾರಾ ಅಮ್ಮಾ?”

“ಇಟ್ಟಿರ್ಬೇಕು,” ಎಂದೆ.

ಇಟ್ಟಿರಲಿಲ್ಲ. ಮಧ್ಯಾಹ್ನಕ್ಕೆ ಮುಗಿಯಿತು.

ಕರ್ಮಾಂತರದ ದಿನ ಪಾಂಡೀಶ್ವರಿ ಬಂದಳು. ಆಫೀಸಿನಲ್ಲಿ ಇವರ ಪಕ್ಕದ ಕುರ್ಚಿಯವಳು. ಅನ್ನ ಮುಟ್ಟಲಿಲ್ಲ. ನನ್ನನ್ನು ಅಡುಗೆಮನೆಗೆ ಕರೆದಳು.

“ಅತ್ತಿಗೇ, ಮೂರು ನರದಲ್ಲೂ ಅಡೈಪ್ಪು ಇತ್ತು. ಸ್ಪ್ರಿಂಗ್ ಆಗಾಕಿಲ್ಲ, ಎದೆ ತೆರೆದು ಬೈಪಾಸ್ ಮಾಡ್ಬೇಕು, ತಡ ಬೇಡ ಅಂದ್ರು ಡಾಕ್ಟರು. ಅಣ್ಣ ತೈ ತಿಂಗಳು ಕಳೀಲಿ ಅಂದ್ರು.”

“ಯಾಕೆ? ಇನ್ಶೂರೆನ್ಸ್ ಇತ್ತಲ್ಲ?”

“ಇತ್ತು. ಭಯ ಅತ್ತಿಗೆ. ನಾವು ಓದೋದು ಗುಣ ಆದವ್ರದ್ದು ಮಾತ್ರಾನಾ? ಆಪರೇಷನ್ ಮೇಜಿನ ಮೇಲೇ ಹೋದವ್ರದ್ದಕ್ಕೂ ನಾವೇ ನಂಬರ್ ಹಾಕ್ಬೇಕು. ಎಲ್ಲಿ ಕುಯ್ದ್ರು, ಯಾವಾಗ ನಿಂತೋಯ್ತು, ಎಲ್ಲಾ ಇರ್ತದೆ. ವರ್ಷಗಟ್ಲೆ ಓದಿದ್ರಲ್ಲ ಅಣ್ಣ. ಅದೇ ಕಣ್ಮುಂದೆ.”

“ನೀನಾದ್ರೂ ನಂಗೆ ಒಂದ್ ಮಾತು ಹೇಳ್ಬಾರ್ದಾ ತಾಯಿ?”

“ಕೇಳ್ದೆ ಅತ್ತಿಗೇ. ಮನೇಲಿ ಹೇಳಿದ್ರಾ ಅಂತ. ಹೇಳೀನಿ ಅಂದ್ರು.”

“ಏನ್ ಹೇಳೀನಿ ಅಂದ್ರು?”

ಅವಳು ತಲೆ ತಗ್ಗಿಸಿದಳು. “ಆಂಜಿಯೋ ಆಯ್ತು ಅಂತ ಹೇಳೀನಿ ಅಂದ್ರು.”

ಸತ್ತವರ ಮೇಲೆ ಕೋಪ ಮಾಡಬಾರದು ಎನ್ನುತ್ತಾರೆ. ನಾನು ಮಾಡಿದೆ. ಅವರ ಅಂಗಿಗಳನ್ನೆಲ್ಲ ನೆಲಕ್ಕೆ ಎಸೆದೆ. ಮಗಳು ತಮಿಳರಸಿ ಒಂದೊಂದೇ ಎತ್ತಿ ಮಡಿಸಿದಳು.

ಅವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಅರ್ಧ ಹೇಳಿ ನಿಲ್ಲಿಸುವುದು ಬರುತ್ತಿತ್ತು. ಎದುರು ನಿಂತು ನೇರ ಕೇಳಿದರೆ ಕಿವಿ ಕೆರೆದುಕೊಂಡು ಇದ್ದದ್ದನ್ನೇ ಹೇಳಿಬಿಡುತ್ತಿದ್ದರು. ಯಾವ ಆಂಜಿಯೋ ಎಂದು ನಾನು ಕೇಳಿದ್ದರೆ ಸಾಕಿತ್ತು. ಆ ಪ್ರಶ್ನೆ ಕಲಿಸಿದವರೂ ಅವರೇ. ಕೇಳಿದ್ದರೆ ಆಪರೇಷನ್ ಆಗುತ್ತಿತ್ತೋ, ಬದುಕುತ್ತಿದ್ದರೋ, ನನಗೆ ತಿಳಿಯದು. ಕೊಡವನ್ನಂತೂ ಹೊರುತ್ತಿರಲಿಲ್ಲ.

ಗೂಡಲೂರಿಗೆ ಬಂದುಬಿಡು ಎಂದು ಮುತ್ತಯ್ಯ ಕರೆಯುತ್ತಾರೆ. ತಮಿಳರಸಿಯ ಕಾಲೇಜು ಮುಗಿಯಲಿ ಎಂದಿದ್ದೇನೆ.

ಬೆಳಿಗ್ಗೆ ನೀರು ಬಿಟ್ಟ ಸದ್ದಿಗೆ ಏಳುತ್ತೇನೆ. ಕೊಡ ತುಂಬಿಸಿ ಸೊಂಟಕ್ಕಿಟ್ಟು ಮೆಟ್ಟಿಲು ಹತ್ತುತ್ತೇನೆ. ನನಗೆ ಏದುಸಿರು ಬರುವುದಿಲ್ಲ, ಆದರೂ ತಿರುವಿನಲ್ಲಿ ಇಳಿಸಿ ನಿಲ್ಲುತ್ತೇನೆ. ಗೋಡೆಯ ಸುಣ್ಣ ಅಲ್ಲಲ್ಲಿ ಎದ್ದಿದೆ. ಆಚೆಯಿಂದ ವೆಳ್ಳೈಯಮ್ಮಾಳ್ ಕೇಳುತ್ತಾರೆ.

“ರಾಜಮ್ಮಾ, ಯಾಕ್ ನಿಂತ್ಬುಟ್ಯಾ?”

“ಸಿರುಮಲೆ ನೋಡ್ತೀನಿ ಅತ್ತೆ.”

ಅವರು ಈಗ ನಗುವುದಿಲ್ಲ. ನಾನು ಕೊಡ ಎತ್ತಿ ಮೇಲೆ ಇಟ್ಟು ಬರುತ್ತೇನೆ. ಇನ್ನೊಂದು ಕೊಡ ಕೆಳಗೆ ಇರುತ್ತದೆ.