ಮೆನುವಿನಲ್ಲಿ ಕಾಣದ ಬಟನ್

ಅಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಅಂಗಡಿಗೆ ಬಂದು ಟೇಬಲ್ಲಿಗೆ ಆತುಕೊಂಡು ಯಾರಾದರೂ ಮೂಗು ಸೊರಗುಟ್ಟಿಸಿದರೆ ಸಾಕು, ಮೈಯೆಲ್ಲ ಉರಿಯುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನನ್ನು ಒಳ್ಳೆಯವಳು ಅಂದುಕೊಂಡು ಯಾರೂ ಇದನ್ನು ಓದುವುದು ಬೇಡ.

ಕುದೂರಿನಲ್ಲಿ ಬಸ್ಸು ನಿಲ್ಲುವ ಕಡೆಯಿಂದ ನಾಲ್ಕು ಹೆಜ್ಜೆ ನಡೆದರೆ ಗೊಬ್ಬರದಂಗಡಿ, ಅದರ ಮೇಲೆ ನಮ್ಮ ವಿಡಿಯೋ ಅಂಗಡಿ. ನಮ್ಮ ಯಜಮಾನರು ಕ್ಯಾಮೆರಾ ಹೆಗಲಿಗೇರಿಸಿಕೊಂಡು ಮದುವೆ ಮನೆಗಳಿಗೆ ಹೋಗುತ್ತಿದ್ದರು. ಕಂಪ್ಯೂಟರ್ ಮುಂದೆ ಕೂತು ಮಿಕ್ಸಿಂಗ್ ಮಾಡುವವಳು ನಾನು. ಬೇಕಾದ್ದನ್ನು ಇಟ್ಟು, ಬೇಡದ್ದನ್ನು ಕತ್ತರಿಸಿ, ಡಿಸ್ಕ್ ಮಾಡಿ ಕೊಡುವುದು. ಆಗ ಬಿಡದಿ ಕಡೆ ಕಾರ್ಖಾನೆಗಳು ಒಂದರ ಹಿಂದೊಂದು ಏಳುತ್ತಿದ್ದವು. ನಮ್ಮ ಹೋಬಳಿಯ ಗಂಡುಮಕ್ಕಳೆಲ್ಲ ಶಿಫ್ಟ್ ಲೆಕ್ಕದಲ್ಲಿ ದಿನ ಎಣಿಸುವುದನ್ನು ಕಲಿತಿದ್ದರು. ಸಂಬಳ ಬಂದ ಮನೆಗೆಲ್ಲ ಡಿವಿಡಿ ಪ್ಲೇಯರೂ ಬಂದಿತ್ತು. ಕ್ಯಾಸೆಟ್ ಕೊಡುತ್ತೇವೆ ಅಂದರೆ ಜನ ಮೂಸಿಯೂ ನೋಡುತ್ತಿರಲಿಲ್ಲ.

ನಮ್ಮ ಕಂಪ್ಯೂಟರಿನಲ್ಲಿದ್ದ ಕಳ್ಳ ಸಾಫ್ಟ್‌ವೇರಿಗೆ ವೈರಸ್ ಹತ್ತಿ ಎರಡು ಮದುವೆ ನುಂಗಿಹಾಕಿದ ಮೇಲೆ ನಾನು ಪುಕ್ಕಟೆ ಸಾಫ್ಟ್‌ವೇರಿಗೆ ಬಂದೆ. ಯಾರೂ ಹೇಳಿಕೊಡಲಿಲ್ಲ. ಪಿಯುಸಿ ಇಂಗ್ಲಿಷಿನಲ್ಲೇ ಒದ್ದಾಡಿ ಕಲಿತೆ. ವಿಡಿಯೋ ಫೈಲನ್ನು ಇದ್ದ ಹಾಗೇ ಡಿಸ್ಕಿಗೆ ಹಾಕಿದರೆ ಪ್ಲೇಯರ್ ಅದನ್ನು ಉಗುಳುತ್ತದೆ. ಪ್ಲೇಯರಿಗೆ ಅರ್ಥವಾಗುವ ಹಾಗೆ ಫೈಲನ್ನು ಬದಲಾಯಿಸಲು ಒಂದು ಸಾಫ್ಟ್‌ವೇರ್, ಮೆನು ಕಟ್ಟಲು ಇನ್ನೊಂದು, ಡಿಸ್ಕಿಗೆ ಬರೆಯಲು ಮತ್ತೊಂದು. ನಮ್ಮ ಹಳೇ ಕಂಪ್ಯೂಟರಿಗೆ ಒಂದು ಮದುವೆ ಬದಲಾಯಿಸಲು ಐದು ಗಂಟೆ ಬೇಕಿತ್ತು. ಆದರೆ ಡಿಸ್ಕ್ ಹಾಕಿದ ಕೂಡಲೇ ಟಿವಿ ಮೇಲೆ ಗಣಪತಿ, ಮಲ್ಲಿಗೆ ದಂಡೆ, ನಡುವೆ ‘ಮದುವೆ ನೋಡಿ’ ಅನ್ನುವ ಬಟನ್ ಬರುತ್ತಿತ್ತಲ್ಲ, ಅದು ಮಾಗಡಿಯ ಸ್ಟುಡಿಯೋದವರಿಗೂ ಆಗ ಬರುತ್ತಿರಲಿಲ್ಲ. ನನಗೆ ಜಂಬವಿತ್ತು. ಇರಲಿ ಬಿಡಿ, ಇರಬೇಕಾದ್ದೇ.

ತಿಪ್ಪಸಂದ್ರದ ಕಡೆಯ ಒಬ್ಬ ರೈತರು ತಮ್ಮ ಇಬ್ಬರು ಹೆಣ್ಣುಮಕ್ಕಳಿಗೆ ಒಂದೇ ಚಪ್ಪರದಡಿ, ಒಂದೇ ಮುಹೂರ್ತದಲ್ಲಿ ಮದುವೆ ಮಾಡಿದ್ದರು. ಡಿಸ್ಕ್ ನಮ್ಮದೇ. ಒಂಬತ್ತು ತಿಂಗಳಿಗೆ ದೊಡ್ಡಳಿಯ ತೀರಿಹೋದ. ಶಿಫ್ಟ್ ಮುಗಿಸಿ ಬೈಕಿನಲ್ಲಿ ಬರುತ್ತಿದ್ದವನಿಗೆ ಲಾರಿ ಹೊಡೆದಿತ್ತು. ಗಂಡನ ಮನೆಯವರು ತಿಥಿ ಮುಗಿಸಿ ದೊಡ್ಡವಳನ್ನು ತವರಿಗೆ ತಂದು ಬಿಟ್ಟುಹೋದರು. ಫೋಟೋ ಆಲ್ಬಮ್ಮನ್ನು ಅವರೇ ಇಟ್ಟುಕೊಂಡರು.

ಅದಾದ ಮೂರು ತಿಂಗಳಿಗೆ ಆ ತಂದೆ ಅಂಗಡಿಗೆ ಬಂದರು. ಕುರ್ಚಿ ಕೊಟ್ಟರೂ ಕೂರಲಿಲ್ಲ.

“ನೋಡವ್ವ, ಚಿಕ್ಕೋಳ್ ಮನೇರು ಗುಡೇಮಾರನಹಳ್ಳೀಲಿ ಒಂದೇ ವರಾತ ಹಿಡ್ದವ್ರೆ. ಮದ್ವೆ ಡಿಸ್ಕ್ ಹಾಕುದ್ರೆ ಸತ್ತೋನೇ ಎದುರ್ಗೆ ಬತ್ತಾನೆ, ಮಗ್ಗುಲಲ್ಲಿ ಮುಂಡೆ ಬೇರೆ ಅಂತಾರೆ. ದೊಡ್ಡೋಳ್ನೂ ಅವ್ನನ್ನೂ ತೆಗ್ದು ಬ್ಯಾರೆ ಮಾಡ್ಕೊಡು. ಎರಡು ಕಾಪಿ. ಒಂದು ಅವ್ರಿಗೆ, ಒಂದು ನಮ್ ಮನೇಗೆ. ಹಳೇವು ಎರಡೂ ಮುರ್ದು ಒಲೆಗಾಕ್ದೆ.”

ಬೀಗರು ಮುಂಡೆ ಅಂದದ್ದು ಇವರ ಸ್ವಂತ ಮಗಳನ್ನು. ನನಗೆ ಏನೂ ಅನ್ನಿಸಲಿಲ್ಲ. ಎರಡು ಜೋಡಿ ಒತ್ತೊತ್ತಾಗಿ ಕೂತಿರುವ ಹಸೆಮಣೆಯಿಂದ ಒಂದು ಜೋಡಿಯನ್ನು ಮಾತ್ರ ಎತ್ತುವುದು ಹೇಗೆ ಅನ್ನುವುದೇ ನನ್ನ ತಲೆಯಲ್ಲಿ ಓಡುತ್ತಿತ್ತು. “ಕಷ್ಟ, ಆದ್ರೂ ಮಾಡ್ಕೊಡ್ತೀನಿ” ಅಂದೆ.

ಚಿತ್ರವನ್ನು ಹಿಗ್ಗಿಸಿ ಎಡಗಡೆಯ ಜೋಡಿ ಹೊರಗೆ ಹೋಗುವ ಹಾಗೆ ಮಾಡಿದೆ. ಧಾರೆ ಎರೆಯುವಾಗ ದೊಡ್ಡವಳ ಮೊಣಕೈ ಮಾತ್ರ ಒಳಗೆ ಉಳಿಯುತ್ತಿತ್ತು. ಅದರ ಮೇಲೆ ಒಂದು ಹೂವಿನ ಗೊಂಚಲು ತಂದು ಕೂರಿಸಿದೆ. ಅಪ್ಪ ಅಮ್ಮ ಇಬ್ಬರು ಮಕ್ಕಳನ್ನೂ ತಬ್ಬಿಕೊಂಡು ಅಳುವ ಕಡೆ ಪೂರ್ತಿ ಕತ್ತರಿಸಿದೆ. ಮೂರು ದಿನ ಕೂತು ಮಾಡಿದ ಕೆಲಸ. ಆ ಮನೆಗೆ ಒಬ್ಬಳೇ ಮಗಳು ಅಂತ ನೀವೂ ನಂಬಬೇಕು, ಹಾಗಾಯಿತು. ನೋಡಿ ನಾನೇ ಬೆನ್ನು ತಟ್ಟಿಕೊಂಡೆ.

ನಾಲ್ಕನೆಯ ದಿನ ಮಧ್ಯಾಹ್ನ ದೊಡ್ಡವಳು ಬಂದಳು. ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ರೇಷ್ಮೆ ಹುಳದ ತಟ್ಟೆ ಕಟ್ಟಿಸಿಕೊಂಡು ಬರುತ್ತೇನೆ ಅಂತ ಮನೆಯಲ್ಲಿ ಸುಳ್ಳು ಹೇಳಿ ಬಂದಿದ್ದಳು. ಬಾಗಿಲಲ್ಲಿ ನಿಂತೇ ಮೂಗು ಸೊರಗುಟ್ಟಿಸಲು ಶುರು ಮಾಡಿದಳು.

“ಅಳೋದಾದ್ರೆ ಕೆಳಗೋಗಿ ಅತ್ತು ಬಾ. ಇಲ್ಲಿ ಕೆಲ್ಸ ಐತೆ” ಅಂದೆ.

ಕಣ್ಣು ಒರೆಸಿಕೊಂಡು ಹತ್ತಿರ ಬಂದಳು. “ಅಕ್ಕ, ನಂಗೆ ಎಲ್ಲ ಬ್ಯಾಡ. ಬಾಗ್ಲಲ್ಲಿ ಹೆಸ್ರು ಹೇಳ್ತಾರಲ್ಲ, ಅಷ್ಟು ಸಾಕು.”

ನಮ್ಮ ಕಡೆ ಮದುವೆಯಾದ ಜೋಡಿಯನ್ನು ಮನೆಯ ಹೆಂಗಸರು ಹೊಸಿಲಲ್ಲೇ ತಡೆದು ನಿಲ್ಲಿಸುತ್ತಾರೆ. ಒಬ್ಬರ ಹೆಸರು ಇನ್ನೊಬ್ಬರು ಹೇಳಿದರೇ ಒಳಗೆ ಬಿಡುವುದು. ಆಮೇಲೆ ಜೀವಮಾನವೆಲ್ಲ ಅವಳು ಅವನಿಗೆ ‘ಇವಳೇ’, ಅವನು ಅವಳಿಗೆ ‘ಇವ್ರೇ’. ಇವಳ ಗಂಡನೂ ಇವಳ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಅದೊಂದು ಸಲ. ಆ ತುಣುಕನ್ನು ತೆಗೆದು ನೋಡಿದೆ. ಮೂರು ನಿಮಿಷ. ಅವನು ನಾಚಿಕೊಂಡು, ಪೇಟ ಸರಿಮಾಡಿಕೊಂಡು, ಮೂರು ಸಲ ಕೆಮ್ಮಿ, ಕೊನೆಗೆ ಅವಳ ಹೆಸರನ್ನು ಊರಿಗೇ ಕೇಳುವ ಹಾಗೆ ಕೂಗಿಬಿಡುತ್ತಾನೆ. ಎಲ್ಲರೂ ಘೊಳ್ಳೆಂದು ನಗುತ್ತಾರೆ. ಅವಳು ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು. “ಇನ್ನೊಂದ್ಸಲ ಹಾಕಕ್ಕ” ಅಂದಳು. ಹಾಕಿದೆ. “ಇನ್ನೊಂದ್ಸಲ.”

“ಬ್ಯಾರೆ ಡಿಸ್ಕ್ ಮಾಡ್ಕೊಡ್ತೀನಿ, ತಗೊಂಡೋಗು ತಾಯಿ, ತಲೆ ತಿನ್ಬ್ಯಾಡ.”

“ಬ್ಯಾರೆ ಡಿಸ್ಕ್ ಮನೇಲಿ ಉಳಿಯಾಕಿಲ್ಲ ಕಣಕ್ಕ. ಅಪ್ಪ ನನ್ ಟ್ರಂಕನ್ನೂ ಬುಡದೆ ಹುಡುಕ್ತದೆ. ಅದೇ ಡಿಸ್ಕಲ್ಲಿ ಎಲ್ಲಾರ ಒಂದ್ಕಡೆ ಬಚ್ಚಿಟ್ಟುಬುಡು. ಎಲ್ರೂ ಹೊಲಕ್ಕೋದಾಗ ನಾನೊಬ್ಳೇ ನೋಡ್ಕತೀನಿ.” ಬಾಗಿಲವರೆಗೆ ಹೋದವಳು ತಿರುಗಿ ನಿಂತು ಹೇಳಿದಳು, “ನಮ್ ಮನೇದ್ರಲ್ಲಿ ಮಾತ್ರ ಕಣಕ್ಕ. ತಂಗಿ ಮನೇದ್ರಲ್ಲಿ ಹಾಕ್ಬುಟ್ಟೀಯ ಮತ್ತೆ. ಅವಳಿಗೀಗ ಐದು ತಿಂಗ್ಳು.”

“ಗೊತ್ತಾಯ್ತು ಹೋಗು” ಅಂದೆ.

ಬಚ್ಚಿಡುವುದು ಸುಲಭ. ಮೆನುವಿನ ಬಲಮೂಲೆಯ ಮಲ್ಲಿಗೆ ದಂಡೆಯ ಮೇಲೆ ಬಣ್ಣವೇ ಇಲ್ಲದ ಇನ್ನೊಂದು ಬಟನ್ ಇಟ್ಟೆ. ನೋಡಿದರೆ ಕಾಣುವುದಿಲ್ಲ. ರಿಮೋಟಿನಲ್ಲಿ ಬಲಗಡೆಯ ಬಾಣ ಒತ್ತಿ ಓಕೆ ಒತ್ತಿದರೆ ಮಾತ್ರ ಅದು ತೆರೆದುಕೊಂಡು ಆ ಮೂರು ನಿಮಿಷ ಬರುತ್ತದೆ. ಹೇಗೆ ಒತ್ತಬೇಕು ಅಂತ ಅವಳೊಬ್ಬಳಿಗೆ ಹೇಳಿಕೊಟ್ಟೆ. ಕರುಣೆಯಿಂದ ಮಾಡಿದೆ ಅಂತ ತಿಳಿಯಬೇಡಿ. ಹೀಗೂ ಮಾಡಬಹುದಲ್ಲ ಅನ್ನುವ ಖುಷಿಗೆ ಮಾಡಿದೆ.

ತಂಗಿಯ ಮನೆಯ ಕಾಪಿಗೆ ಆ ಬಟನ್ ತೆಗೆದು ಮೆನುವನ್ನು ಮತ್ತೆ ಕಟ್ಟಬೇಕಿತ್ತು. ಮಾರನೆಯ ದಿನ ಇನ್ನೆರಡು ಮದುವೆಯ ಕೆಲಸ ಬಂತು. ಕರೆಂಟು ಬೇರೆ ಹೋಗಿಬಂದು ಮಾಡುತ್ತಿತ್ತು. ಥೂ, ಯಾರು ಬಲಕ್ಕೆ ಒತ್ತಿ ನೋಡುತ್ತಾರೆ ಅಂತ ಅದನ್ನೇ ಎರಡು ಡಿಸ್ಕಿಗೂ ಬರೆದು ಕಳಿಸಿಬಿಟ್ಟೆ. ಡಿಸ್ಕ್ ಹೋದ ಮೇಲೆ ಜಾಗ ಬೇಕು ಅಂತ ಮೂಲ ವಿಡಿಯೋ ಅಳಿಸಿದೆ. ಟೇಪಿನ ಮೇಲೆ ಯಜಮಾನರು ಆಗಲೇ ಇನ್ನೊಂದು ಮದುವೆ ತೆಗೆದಿದ್ದರು. ಕಂಪ್ಯೂಟರಿನಲ್ಲಿ ಉಳಿದದ್ದು ಆ ಡಿಸ್ಕಿನ ಫೋಲ್ಡರ್ ಒಂದೇ.

ತಂಗಿಗೆ ಏಳು ತಿಂಗಳಾದಾಗ ಗುಡೇಮಾರನಹಳ್ಳಿಯಲ್ಲಿ ಸೀಮಂತ ಮಾಡಿದರು. ಊಟ ಮುಗಿಸಿ ನೆಂಟರೆಲ್ಲ ನಡುಮನೆಯಲ್ಲಿ ಕೂತಾಗ, ಸೊಸೆಯ ಮದುವೆ ನೋಡೋಣ ಅಂತ ಡಿಸ್ಕ್ ಹಾಕಿದ್ದಾರೆ. ಅತ್ತೆಗೆ ಸೌಂಡು ಸಾಲಲಿಲ್ಲ. ಕನ್ನಡಕ ಇಲ್ಲದೆ ರಿಮೋಟು ಹಿಡಿದು ಕೈಗೆ ಸಿಕ್ಕಿದ್ದನ್ನೆಲ್ಲ ಒತ್ತಿದ್ದಾರೆ. ಬಳೆ ತೊಟ್ಟು, ಮಡಿಲು ತುಂಬಿಸಿಕೊಂಡು ಕೂತಿದ್ದ ಬಸುರಿಯ ಎದುರಿಗೆ ಸತ್ತವನು ಬಂದು ನಿಂತು, ಪೇಟ ಸರಿಮಾಡಿಕೊಂಡು, ಮೂರು ಸಲ ಕೆಮ್ಮಿ, ಹೆಂಡತಿಯ ಹೆಸರು ಕೂಗಿದ್ದಾನೆ.

ಆ ಮನೆಯಲ್ಲಿ ಏನಾಯಿತು ಅಂತ ನನಗೆ ಗೊತ್ತಾದದ್ದು ಮಾರನೆಯ ಬೆಳಿಗ್ಗೆ. ಆ ತಂದೆ ದೊಡ್ಡವಳ ರಟ್ಟೆ ಹಿಡಿದು ಮೆಟ್ಟಿಲ ಮೇಲೆ ಎಳೆದುಕೊಂಡೇ ಬಂದರು. ಅವಳ ಕೆನ್ನೆ ಊದಿತ್ತು.

“ನಮ್ ಮನೇ ಡಿಸ್ಕ್ ಮುರ್ದು ಬಂದೀವ್ನಿ” ಅಂದರು. “ಅವ್ರುದ್ನ ಅವ್ರೇ ಸುಟ್ರು. ಇನ್ಮೇಲೆ ನಿನ್ ದೊಡ್ಮಗ್ಳು ನಮ್ ಹಟ್ಟಿ ಬಾಗ್ಲಿಗೆ ಬರಕೂಡ್ದು, ಬಾಣಂತನಕ್ಕೆ ಸೊಸೇನ ನಿಮ್ ಮನೇಗೂ ಕಳ್ಸಾಕಿಲ್ಲ ಅಂದ್ರು. ತಂಗಿ ಹೊಟ್ಟೆ ಉರ್ಸಕ್ಕೇ ಇವ್ಳು ಈ ಕೆಲ್ಸ ಮಾಡವ್ಳೆ. ತನಗಿಲ್ದಿದ್ದು ಅವ್ಳಿಗೂ ಇರ್ಬಾರ್ದು ಅಂತ.”

“ಇಲ್ಲ ಕಣಪ್ಪ” ಅಂದಳು ಅವಳು. ಅವತ್ತು ಅಳಲಿಲ್ಲ. ನನ್ನ ಕಡೆ ತಿರುಗಿದಳು. “ಅಕ್ಕ, ನೀನೇ ಹೇಳಕ್ಕ. ತಂಗಿ ಮನೇದ್ರಲ್ಲಿ ಬ್ಯಾಡ ಅಂತ ನಾನು ಅವತ್ತೇ ಹೇಳ್ಲಿಲ್ವಾ?”

ಕೆಳಗೆ ಗೊಬ್ಬರದಂಗಡಿಯಲ್ಲಿ ಜನ ತುಂಬಿದ್ದರು. ಮೇಲಿನ ಮಾತೆಲ್ಲ ಅಲ್ಲಿಗೆ ಕೇಳುತ್ತಿತ್ತು. ಸೀಮಂತದ ಮನೆಯನ್ನು ಕೆಡಿಸಿದ್ದು ನನ್ನ ಸೋಮಾರಿತನ ಅಂತ ಒಪ್ಪಿಕೊಂಡರೆ ಮುಂದಿನ ಒಂದು ಮದುವೆಗೂ ಈ ಹೋಬಳಿಯಲ್ಲಿ ನಮ್ಮನ್ನು ಕರೆಯುವುದಿಲ್ಲ ಅಂತ ನನಗೆ ಆ ಕ್ಷಣವೇ ಹೊಳೆಯಿತು. ಒಂದೇ ಒಂದು ಮಾತು ಹೇಳಬೇಕಿತ್ತು. ತಪ್ಪು ನಂದು, ಎರಡಕ್ಕೂ ಹಾಕಿದ್ದು ನಾನು, ಅಷ್ಟೇ.

“ಇವ್ಳು ಹೇಳ್ದಂಗೆ ನಾನು ಮಾಡ್ದೆ” ಅಂದೆ. “ನಿಮ್ಮನೆ ವಿಷ್ಯ ನಂಗೇನು ಗೊತ್ತಣ್ಣ?”

ಅವಳು ನನ್ನನ್ನು ಬಯ್ಯುತ್ತಾಳೆ, ಶಾಪ ಹಾಕುತ್ತಾಳೆ ಅಂದುಕೊಂಡಿದ್ದೆ. ಹಾಗಾಗಿದ್ದರೆ ತಿರುಗಿ ಬಯ್ಯಲು ನನಗೂ ಒಂದು ದಾರಿ ಸಿಗುತ್ತಿತ್ತು. ಅವಳು ಕಂಪ್ಯೂಟರಿನ ಕಡೆ ತಿರುಗಿ ನೋಡಿದಳು.

“ಕಂಪ್ಯೂಟರ್ನಲ್ಲಿ ಇನ್ನೂ ಐತಾ?” ಅಂತ ತಂದೆ ಕೇಳಿದರು.

“ಐತೆ.”

“ಅಳ್ಸು.” ನಾನು ಮೌಸ್ ಹಿಡಿದೆ. “ನೀನಲ್ಲ. ಇವ್ಳು ಅಳುಸ್ಲಿ. ಇವ್ಳ್ ಕೈಯಾರೆ ಅಳ್ಸಿದ್ಲು ಅಂತ ಬೀಗ್ರಿಗೆ ನಾನು ಹೇಳ್ಬೇಕು.”

ಅವಳನ್ನು ನನ್ನ ಕುರ್ಚಿಯ ಮೇಲೆ ಕೂರಿಸಿದರು. ಅವಳಿಗೆ ಮೌಸ್ ಹಿಡಿಯಲು ಬರುತ್ತಿರಲಿಲ್ಲ. ಅವಳ ಕೈಯ ಮೇಲೆ ಕೈಯಿಟ್ಟು ಫೋಲ್ಡರ್ ತೋರಿಸಿಕೊಟ್ಟವಳು ನಾನೇ. ಯಾವ ಎರಡು ಕೀ ಒಟ್ಟಿಗೆ ಒತ್ತಿದರೆ ಕಸದ ಬುಟ್ಟಿಗೂ ಹೋಗದೆ ಪೂರ್ತಿ ಅಳಿಸುತ್ತದೆ ಅಂತ ಹೇಳಿಕೊಟ್ಟವಳೂ ನಾನೇ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಬಂತು.

“ಏನಂತೈತೆ ಅಕ್ಕ?” ಅಂದಳು. ಆಗಲೂ ಅಕ್ಕ ಅಂತಲೇ ಅಂದಳು.

“ನಿಜವಾಗ್ಲೂ ಅಳ್ಸಬೇಕಾ ಅಂತ ಕೇಳ್ತೈತೆ.”

“ಬ್ಯಾಡ ಅನ್ನಕ್ಕೆ ಎಲ್ಲಿ ಒತ್ಬೇಕು?”

ಹಿಂದಿನಿಂದ ತಂದೆ ಅವಳ ತಲೆಗೆ ಮೊಟಕಿದರು. ನಾನು ಬಾಣವನ್ನು ಎಡಗಡೆಯ ‘ಹೌದು’ ಅನ್ನುವ ಬಟನ್ನಿನ ಮೇಲೆ ತಂದು ನಿಲ್ಲಿಸಿ, “ಇಲ್ಲಿ ಒತ್ತು” ಅಂದೆ. ಒತ್ತಿದಳು. ಹಸಿರು ಪಟ್ಟಿ ಅರ್ಧ ನಿಮಿಷ ಓಡಿ ಮಾಯವಾಯಿತು. ಎದ್ದು ಸೆರಗು ಹೊದ್ದುಕೊಂಡು, “ಬತ್ತೀನಕ್ಕ” ಅಂತ ಹೇಳಿ ತಂದೆಯ ಹಿಂದೆ ಮೆಟ್ಟಿಲಿಳಿದಳು.

ಅಳಿಸಿದ ಫೈಲನ್ನು ವಾಪಸ್ ತೆಗೆಯುವುದಕ್ಕೂ ಪುಕ್ಕಟೆ ಸಾಫ್ಟ್‌ವೇರ್ ಇತ್ತು. ಅದು ನನಗೆ ಗೊತ್ತಿತ್ತು. ಅಳಿಸಿದ ಜಾಗದ ಮೇಲೆ ಬೇರೇನೂ ಬರೆಯದಿದ್ದರೆ ಹತ್ತಕ್ಕೆ ಒಂಬತ್ತು ಸಲ ಸಿಗುತ್ತದೆ. ಅವರಿಬ್ಬರೂ ಬಸ್ಸು ಹತ್ತುವಷ್ಟರಲ್ಲಿ ತೆಗೆದು, ಒಂದು ಡಿಸ್ಕಿಗೆ ಬರೆದು, ನನ್ನ ಬೀರುವಿನಲ್ಲಿ ಇಟ್ಟುಕೊಳ್ಳಬಹುದಿತ್ತು. ಅವಳು ಯಾವತ್ತಾದರೂ ಬಂದು ನೋಡಿಕೊಂಡು ಹೋಗುತ್ತಿದ್ದಳು. ಸಿಕ್ಕಿದರೆ ಅವಳು ಮತ್ತೆ ಬರುತ್ತಾಳೆ, ನನ್ನ ಕುರ್ಚಿಯ ಪಕ್ಕ ಕೂರುತ್ತಾಳೆ, ನನ್ನ ಮುಖ ನೋಡುತ್ತಾಳೆ. ಅದು ನನಗೆ ಬೇಡವಾಗಿತ್ತು. ಕ್ಯಾಮೆರಾಕ್ಕೆ ವೈರು ಚುಚ್ಚಿ, ಹಿಂದಿನ ದಿನದ ಮದುವೆಯನ್ನು ಕಂಪ್ಯೂಟರಿನ ಅದೇ ಜಾಗದ ಮೇಲೆ ಇಳಿಸಲು ಶುರು ಮಾಡಿದೆ.