ಖಾನಾವಳಿಯ ಹೊಸ್ತಿಲಲ್ಲಿ ಚಪ್ಪಲಿ

ನಾವಿರುವ ಸ್ವೀಡನ್ನಿನ ಸೊಲ್ಲೆಂಟುನಾ ಊರಿನ ಚಳಿ ಏಪ್ರಿಲ್ ಬಂದರೂ ಬಿಡಲಿಲ್ಲವೆಂದು ರೇಗಿ, ಗಂಡ ಮತ್ತು ಪುಟ್ಟ ಮಗಳೊಂದಿಗೆ ದಕ್ಷಿಣ ಇಟಲಿಯ ಕಡಲೂರುಗಳನ್ನು ಸುತ್ತಲು ಹೊರಟೆ. ಅವಸರವೇ ಇರಲಿಲ್ಲ. ಒಂದೂರಿನಲ್ಲಿ ಕಾಫಿ, ಮುಂದಿನೂರಿನಲ್ಲಿ ಊಟ, ನಡುವೆ ಉದ್ದಕ್ಕೂ ಸಮುದ್ರ.

ಒಂದು ಮಧ್ಯಾಹ್ನ ಸುಣ್ಣ ಬಳಿದ ಗಲ್ಲಿಯೊಂದರಲ್ಲಿ ಪುಟ್ಟ ಖಾನಾವಳಿ ಸಿಕ್ಕಿತು. ಒಳಗೆ ಒಲೆಯ ಮುಂದೆ ಅಜ್ಜಿ, ಟೊಮೇಟೊ ಬೇಯುವ ಘಮ, ಗೋಡೆಯ ತುಂಬ ಮೊಮ್ಮಕ್ಕಳ ಫೋಟೊ. ಯಾರದೋ ಮನೆಗೇ ಬಂದಂತಿತ್ತು. ಬೆಂಗಳೂರಿನವರಾದ ನಾವು ಚಪ್ಪಲಿ ಹಾಕಿಕೊಂಡು ಮನೆಯೊಳಗೆ ಹೋಗುವವರಲ್ಲ; ಮಗಳಿಗಂತೂ ಸ್ವೀಡನ್ನಿನ ಶಿಶುವಿಹಾರದಲ್ಲಿ ಕಲಿಸಿದ ಮೊದಲ ಪಾಠವೇ ಅದು. ಮೂವರೂ ಚಪ್ಪಲಿ ಹೊಸ್ತಿಲಲ್ಲೇ ಬಿಟ್ಟು ಒಳಗೆ ಹೋದೆವು.

ಕುಳಿತ ಮೇಲೆ ನೋಡಿದರೆ ಸುತ್ತ ಎಲ್ಲರ ಕಾಲಲ್ಲೂ ಬೂಟು!

"ರೀ, ಇದು ಹೋಟ್ಲು ಕಣ್ರೀ!" ಎಂದೆ.

"ಈಗ ಎದ್ದು ಹಾಕ್ಕೊಂಡ್ರೆ ಇನ್ನೂ ಮರ್ಯಾದೆ ಹೋಗುತ್ತೆ. ಸುಮ್ನೆ ತಿನ್ನು," ಎಂದರು ಗಂಡ.

ಅಷ್ಟರಲ್ಲಿ ಬಾಗಿಲಲ್ಲಿ ಸ್ವೀಡಿಷ್ ಮಾತು ಕೇಳಿಸಿತು. ವಯಸ್ಸಾದ ದಂಪತಿ. ನಮ್ಮ ಚಪ್ಪಲಿಗಳನ್ನು ನೋಡಿದವರೇ ಬಗ್ಗಿ, ಲೇಸು ಬಿಚ್ಚಿ, ತಮ್ಮ ಬೂಟುಗಳನ್ನೂ ಪಕ್ಕದಲ್ಲಿ ಸಾಲಾಗಿ ಜೋಡಿಸಿದರು.

ಅಜ್ಜಿ ಸೌಟು ಹಿಡಿದೇ ಹೊರಬಂದು ಆ ಸಾಲನ್ನು ನೋಡಿದಳು, ನಮ್ಮ ಬರಿಗಾಲುಗಳನ್ನು ನೋಡಿದಳು. ಸೌಟು ಕೆಳಗಿಟ್ಟು, ಪೊರಕೆ ತಂದು, ನೆಲ ಗುಡಿಸತೊಡಗಿದಳು.